ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದಲ್ಲಿ ಏಳು ದಿನ: ಮೂರು ದೋಣಿ, ಮೂರು ಹೆಸರು

ಮೊದಲ ದಿನ: ಹ್ಯಾಲಿಫ್ಯಾಕ್ಸ್

ಮಗಳು ಕೈಗೆ ಹತ್ತು ಡಾಲರ್ ನೋಟು ಕೊಟ್ಟಳು. "ಅಮ್ಮ, ಎದುರಿನ ಅಂಗಡೀಲಿ ಟೀ ತಗೊಂಡು ಬಾ, ಅಷ್ಟರಲ್ಲಿ ದೋಣಿ ಎಷ್ಟು ಹೊತ್ತಿಗೆ ಅಂತ ನೋಡ್ತೀನಿ" ಅಂದಳು. ನೋಟು ಕೈಯಲ್ಲಿ ಹಿಡಿದು ನಿಂತೇಬಿಟ್ಟೆ. ನಮ್ಮ ನೋಟುಗಳ ಹಾಗೆ ಅಡ್ಡಕ್ಕಿಲ್ಲ, ಉದ್ದಕ್ಕೆ ನಿಂತಿದೆ. ನೇರಳೆ ಬಣ್ಣ. ಅದರಲ್ಲಿ ಒಬ್ಬ ಕಪ್ಪು ಹೆಂಗಸಿನ ಮುಖ. ಕೂದಲು ಚಂದವಾಗಿ ತಿದ್ದಿಕೊಂಡಿದ್ದಾರೆ, ನೋಟ ನೆಟ್ಟಗಿದೆ. ಯಾರೋ ರಾಣಿಯಲ್ಲ, ಪ್ರಧಾನಿಯೂ ಅಲ್ಲ ಅನ್ನೋದು ನೋಡಿದ ಕೂಡಲೇ ತಿಳಿಯುತ್ತೆ.

"ಯಾರೇ ಇವರು?"

"ವಯೊಲಾ ಡೆಸ್ಮಂಡ್. ಇದೇ ಊರಿನವರು. ಬ್ಯೂಟಿ ಪಾರ್ಲರ್ ಇಟ್ಕೊಂಡಿದ್ರು."

ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದವರು ದೇಶದ ನೋಟಿಗೆ ಹೇಗೆ ಬಂದರು? ಕೇಳುವಷ್ಟರಲ್ಲಿ ದೋಣಿ ಕಟ್ಟೆಗೆ ಬಂತು. ಅದರ ಪಕ್ಕೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಅದೇ ಹೆಸರು! ಟೀ ಮರೆತೇಹೋಯಿತು, ನೋಟು ನನ್ನ ಪರ್ಸಿನಲ್ಲೇ ಉಳಿಯಿತು.

ಹ್ಯಾಲಿಫ್ಯಾಕ್ಸ್ ಮತ್ತು ಡಾರ್ಟ್‌ಮತ್ ಬಂದರಿನ ಎರಡು ದಡದ ಊರುಗಳು. ನಡುವೆ 1752ರಿಂದ ದೋಣಿ ಓಡಾಡುತ್ತಿದೆ. ದಾಟಲು ಹನ್ನೆರಡು ನಿಮಿಷ ಸಾಕು. ಆಫೀಸಿಗೆ ಹೋಗುವವರು, ಸೈಕಲ್ ತಳ್ಳಿಕೊಂಡು ಬರುವ ಹುಡುಗರು, ಮಗು ಎತ್ತಿಕೊಂಡ ತಾಯಂದಿರು, ಎಲ್ಲರಿಗೂ ಇದು ನಮ್ಮ ಸಿಟಿ ಬಸ್ಸಿನ ಹಾಗೆ. ಈಗಿನ ದೋಣಿಗಳಿಗೆಲ್ಲ ಜನರ ಹೆಸರೇ ಇಟ್ಟಿದ್ದಾರೆ. ವಯೊಲಾ ಡೆಸ್ಮಂಡ್ ಹೆಸರಿನದು ಒಂದು, ವಿನ್ಸೆಂಟ್ ಕೋಲ್ಮನ್ ಹೆಸರಿನದು ಒಂದು, ರೀಟಾ ಜೋ ಹೆಸರಿನದು ಇನ್ನೊಂದು. ಅಳಿಯಂದಿರು ಮೂವರ ಬಗ್ಗೆಯೂ ಸ್ವಲ್ಪ ಸ್ವಲ್ಪ ಹೇಳಿದರು. ಕೇಳಿದ್ದಷ್ಟೇ ಸಾಲಲಿಲ್ಲ. "ಸುಮ್ನೆ ಬೀಚು, ಲೈಟ್‌ಹೌಸು ಅಂತ ಸುತ್ತೋದು ಬೇಡ. ಈ ಜನರ ಜಾಗ ನೋಡೋಣ" ಅಂದೆ. ಇವರೂ ಹೂಂ ಅಂದರು. ನಮ್ಮ ಪ್ರವಾಸದ ದಾರಿ ಹೀಗೆ ದೋಣಿಯಲ್ಲೇ ತೀರ್ಮಾನವಾಯಿತು.

ಎರಡನೇ ದಿನ: ತಂತಿಯವನ ಗಡಿಯಾರ

ಬಂದರಿನ ದಡದಲ್ಲೇ ಅಟ್ಲಾಂಟಿಕ್ ಕಡಲ ಮ್ಯೂಸಿಯಂ ಇದೆ. ಹೆಚ್ಚಿನವರು ಟೈಟಾನಿಕ್ ಹಡಗಿನ ವಸ್ತು ನೋಡಲು ಬರುತ್ತಾರೆ. ಮುಳುಗಿದವರಲ್ಲಿ 121 ಜನರ ಸಮಾಧಿ ಈ ಊರಿನ ಒಂದೇ ಸ್ಮಶಾನದಲ್ಲಿದೆ. ನಾನು ಅದನ್ನೆಲ್ಲ ಬೇಗ ದಾಟಿ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತೆ. ಒಳಗೆ ಒಂದು ಜೇಬು ಗಡಿಯಾರ, ತಂತಿ ಕಳಿಸುವ ಒಂದು ಕೀ. ಅಷ್ಟೇ.

1917ರ ಡಿಸೆಂಬರ್ 6, ಬೆಳಿಗ್ಗೆ. ಮೊದಲ ಮಹಾಯುದ್ಧದ ಕಾಲ. ಮಾಂಟ್ ಬ್ಲಾಂಕ್ ಅನ್ನುವ ಫ್ರೆಂಚ್ ಹಡಗು ಹೊಟ್ಟೆ ತುಂಬ ಸಿಡಿಮದ್ದು ತುಂಬಿಕೊಂಡು ಬಂದರಿನೊಳಗೆ ಬರುತ್ತಿತ್ತು. ಬಂದರಿನ ಕಿರಿದಾದ ಜಾಗದಲ್ಲಿ ನಾರ್ವೆಯ ಇಮೋ ಹಡಗು ಅದಕ್ಕೆ ಡಿಕ್ಕಿ ಹೊಡೆಯಿತು. ಬೆಂಕಿ ಹತ್ತಿತು. ಸಿಬ್ಬಂದಿ ಚಿಕ್ಕ ದೋಣಿ ಹತ್ತಿ ದಡಕ್ಕೆ ಓಡಿದರು. ಉರಿಯುವ ಹಡಗು ತೇಲುತ್ತಾ ಆರನೇ ಕಟ್ಟೆಗೆ ಬಂದು ನಿಂತಿತು. ಅದರಲ್ಲಿ ಏನಿದೆ ಅಂತ ಊರಿನವರಿಗೆ ಗೊತ್ತಿರಲಿಲ್ಲ. ಬೆಂಕಿ ನೋಡಲು ಜನ ಕಿಟಕಿಗೆ ಬಂದು ನಿಂತರು. ಶಾಲೆಗೆ ಹೊರಟ ಮಕ್ಕಳು ದಾರಿಯಲ್ಲೇ ನಿಂತರು.

ಕಟ್ಟೆಯ ಹತ್ತಿರವೇ ರಿಚ್ಮಂಡ್ ರೈಲು ಯಾರ್ಡು. ಅಲ್ಲಿ ರೈಲುಗಳ ಓಡಾಟ ನೋಡಿಕೊಳ್ಳುತ್ತಿದ್ದವರು ವಿನ್ಸೆಂಟ್ ಕೋಲ್ಮನ್, ನಾಲ್ವತ್ತೈದು ವರ್ಷ. ಹಡಗಿನಲ್ಲಿ ಸಿಡಿಮದ್ದು ಇದೆ ಅನ್ನೋದು ಅವರ ಕಿವಿಗೆ ಬಿತ್ತು. ಎಲ್ಲರ ಜೊತೆ ಓಡಬಹುದಿತ್ತು. ಆದರೆ ಸೇಂಟ್ ಜಾನ್‌ನಿಂದ ರಾತ್ರಿಯಿಡೀ ಓಡಿ ಬಂದ ರೈಲು, ಸುಮಾರು 300 ಜನರನ್ನು ಹೊತ್ತು, ಇನ್ನೇನು ಊರೊಳಗೆ ಬರುವುದರಲ್ಲಿತ್ತು. ಕೋಲ್ಮನ್ ತಮ್ಮ ಕೀ ಮುಂದೆ ಕೂತರು. ರೈಲು ತಡೆಯಿರಿ, ಮದ್ದಿನ ಹಡಗಿಗೆ ಬೆಂಕಿ ಬಿದ್ದಿದೆ, ಆರನೇ ಕಟ್ಟೆ ಕಡೆ ಬರ್ತಿದೆ, ಸಿಡಿಯುತ್ತೆ, ಇದೇ ನನ್ನ ಕೊನೇ ತಂತಿ ಇರಬೇಕು, ಬರ್ತೀನಿ. ಅವರು ಕುಟ್ಟಿದ್ದು ಇಷ್ಟು.

ಒಂಬತ್ತು ಗಂಟೆ ನಾಲ್ಕು ನಿಮಿಷಕ್ಕೆ ಹಡಗು ಸಿಡಿಯಿತು. ಸುಮಾರು 2000 ಜನ ಸತ್ತರು, 9000 ಜನಕ್ಕೆ ಗಾಯ. ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ಎಷ್ಟೋ ಜನರ ಕಣ್ಣು ಗಾಜಿನ ಚೂರಿಗೆ ಹೋದವು. ಕೋಲ್ಮನ್ ಉಳಿಯಲಿಲ್ಲ. ಅವರ ತಂತಿ ಮಾತ್ರ ಸಾಲಿನುದ್ದಕ್ಕೂ ನಿಲ್ದಾಣಗಳಿಗೆ ಮುಟ್ಟಿತ್ತು. ಹ್ಯಾಲಿಫ್ಯಾಕ್ಸಿನಲ್ಲಿ ಏನೋ ಅನಾಹುತ ಆಗಿದೆ ಅಂತ ಹೊರಗಿನವರಿಗೆ ತಿಳಿದದ್ದು, ನೆರವಿನ ರೈಲುಗಳು ಬೇಗ ಹೊರಟದ್ದು ಅದರಿಂದಲೇ. ಅಮೆರಿಕದ ಬಾಸ್ಟನ್ ಊರಿನವರು ಆಗ ಡಾಕ್ಟರು, ಔಷಧ, ಕಂಬಳಿ ಕಳಿಸಿದ್ದನ್ನು ಇಲ್ಲಿಯವರು ಮರೆತಿಲ್ಲ. ಪ್ರತಿ ವರ್ಷ ಕ್ರಿಸ್‌ಮಸ್‌ಗೆ ಒಂದು ದೊಡ್ಡ ಮರ ಈಗಲೂ ಇಲ್ಲಿಂದ ಬಾಸ್ಟನ್‌ಗೆ ಹೋಗುತ್ತೆ.

ನಮ್ಮಪ್ಪ ಅರಸೀಕೆರೆ ಜಂಕ್ಷನ್ನಿನ ರೈಲ್ವೆ ತಂತಿ ಆಫೀಸಿನಲ್ಲಿದ್ದರು. ಊಟಕ್ಕೆ ಕೂತರೆ, ಅನ್ನ ಬಡಿಸುವ ತನಕ ಅವರ ಬಲಗೈ ನಡುಬೆರಳು ಮಣೆಯ ಅಂಚಿನ ಮೇಲೆ ಕಟ್ ಕಡ, ಕಟ್ ಕಟ್ ಅಂತ ಆಡುತ್ತಲೇ ಇರುತ್ತಿತ್ತು. "ಏನು ಕಳಿಸ್ತಿದೀರಪ್ಪ?" ಅಂದರೆ, "ಹುಳಿ ತಣ್ಣಗಾಗ್ತಿದೆ ಅಂತ ನಿಮ್ಮಮ್ಮಂಗೆ ತಂತಿ" ಅನ್ನೋರು. 2013ರ ಜುಲೈಯಲ್ಲಿ ನಮ್ಮ ದೇಶದಲ್ಲಿ ತಂತಿ ಸೇವೆ ನಿಂತಾಗ ಅವರು ಇರಲಿಲ್ಲ. ಇದ್ದಿದ್ದರೆ ಆ ದಿನ ಊಟ ಮಾಡುತ್ತಿರಲಿಲ್ಲ ಅಂತ ನನಗೆ ಖಾತ್ರಿ. ಗಾಜಿನಾಚೆಯ ಆ ಕೀ ನೋಡುತ್ತಾ ನನ್ನ ಬೆರಳೂ ಪೆಟ್ಟಿಗೆಯ ಅಂಚಿನ ಮೇಲೆ ಆಡತೊಡಗಿತ್ತು. ಇವರು ನೋಡಿದರು, ಏನೂ ಹೇಳಲಿಲ್ಲ, ನನ್ನ ಪಕ್ಕದಲ್ಲೇ ನಿಂತರು.

ಸಂಜೆ ಫೋರ್ಟ್ ನೀಡಮ್ ಗುಡ್ಡ ಹತ್ತಿದೆವು. ಸ್ಫೋಟದಲ್ಲಿ ಸತ್ತವರ ನೆನಪಿಗೆ ಅಲ್ಲಿ ಗಂಟೆಗಳ ಗೋಪುರವಿದೆ. ಪ್ರತಿ ಡಿಸೆಂಬರ್ 6ರ ಬೆಳಿಗ್ಗೆ ಅಲ್ಲಿ ಜನ ಸೇರುತ್ತಾರೆ. ಕೆಳಗೆ ಬಂದರು ಶಾಂತವಾಗಿತ್ತು.

ಮೂರನೇ ದಿನ: ಮಾಡ್ ಲೂಯಿಸ್ ಅವರ ಮನೆ

ನೋವಾ ಸ್ಕೋಷಿಯಾ ಆರ್ಟ್ ಗ್ಯಾಲರಿಯೊಳಗೆ ಒಂದು ಇಡೀ ಮನೆಯನ್ನೇ ತಂದಿಟ್ಟಿದ್ದಾರೆ. ಮನೆ ಅಂದರೆ ಒಂದೇ ಕೋಣೆ. ಉದ್ದ ಅಗಲ ಹನ್ನೆರಡು ಹದಿಮೂರು ಅಡಿ. ಸಾಗರದಲ್ಲಿ ನಮ್ಮ ಅಡುಗೆಮನೆ ಇದಕ್ಕಿಂತ ದೊಡ್ಡದು. ಕರೆಂಟು ಇರಲಿಲ್ಲ, ನಲ್ಲಿ ಇರಲಿಲ್ಲ. ಇಲ್ಲಿ ಮಾಡ್ ಲೂಯಿಸ್ ಅನ್ನುವ ಚಿತ್ರಗಾರ್ತಿ ಮದುವೆಯಾದ 1938ರಿಂದ 1970ರಲ್ಲಿ ತೀರಿಕೊಳ್ಳುವ ತನಕ ಬದುಕಿದರು. ಗಂಡ ಎವೆರೆಟ್ ಮೀನು ಮಾರುತ್ತಿದ್ದರು. ಮಾಡ್‌ಗೆ ಚಿಕ್ಕಂದಿನಿಂದಲೇ ಸಂಧಿವಾತ. ಬೆರಳುಗಳು ಸೊಟ್ಟಗಾಗಿದ್ದವು, ಗಲ್ಲ ಎದೆಗೆ ಅಂಟಿಕೊಂಡ ಹಾಗಿತ್ತು. ಕಿಟಕಿಯ ಪಕ್ಕ ಕೂತು, ದೋಣಿಗೆ ಹಚ್ಚಿ ಉಳಿದ ಬಣ್ಣವನ್ನು ಸಾರ್ಡಿನ್ ಮೀನಿನ ಖಾಲಿ ಡಬ್ಬಿಯಲ್ಲಿಟ್ಟುಕೊಂಡು ಚಿತ್ರ ಬರೆಯುತ್ತಿದ್ದರು.

ಬೋರ್ಡು ಸಾಲದೆ ಮನೆಯ ಮೇಲೇ ಬರೆದರು. ಬಾಗಿಲ ತುಂಬ ಹಕ್ಕಿ, ಚಿಟ್ಟೆ. ಕಿಟಕಿ ಗಾಜಿನ ಮೇಲೆ ಟ್ಯುಲಿಪ್ ಹೂವು. ಮೆಟ್ಟಿಲು, ಬ್ರೆಡ್ಡಿನ ಪೆಟ್ಟಿಗೆ, ಕಸ ಎತ್ತುವ ಮೊರ, ಕೊನೆಗೆ ಕಬ್ಬಿಣದ ಒಲೆಯನ್ನೂ ಬಿಟ್ಟಿಲ್ಲ. ಒಲೆಯ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದೆ. ಹೂವಿನ ಒಂದೊಂದು ಎಸಳೂ ಒಂದೇ ಕುಂಚದೇಟಿನಲ್ಲಿ ಮುಗಿದಿದೆ. ತಿದ್ದಿದ ಗುರುತಿಲ್ಲ. ಬಗ್ಗದ ಬೆರಳಿನಿಂದ ಅಷ್ಟು ಸಲೀಸಾದ ಎಸಳು ಹೇಗೆ ಬಂತು?

ನಮ್ಮ ಸಾಗರದ ಕಡೆ ದೀವರ ಹೆಂಗಸರು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಪುಂಡಿ ನಾರಿನ ಕುಂಚ, ಅಕ್ಕಿ ಹಿಟ್ಟಿನ ಬಿಳಿ, ಕೆಮ್ಮಣ್ಣು. ಅವರ ಕೈಯೂ ಹೀಗೇ ಓಡುತ್ತೆ. ಅಲ್ಲಿ ಅದು ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಬಂದ ಕೆಲಸ, ಮದುವೆ ಮನೆಯ ಸಂಭ್ರಮ. ಇಲ್ಲಿ ಒಬ್ಬಂಟಿ ಹೆಂಗಸು, ಹೊರಗೆ ಉದ್ದನೆಯ ಚಳಿಗಾಲ. ಆದರೂ ಎರಡು ಕಡೆಯೂ ಮನೆಯೇ ಹಾಳೆ. ಅದು ನನಗೆ ತುಂಬ ಹತ್ತಿರ ಅನ್ನಿಸಿತು.

ಅವರು ಬದುಕಿದ್ದಾಗ ಚಿತ್ರಗಳು ಎರಡು ಮೂರು ಡಾಲರಿಗೆ ಹೋಗುತ್ತಿದ್ದವು. ರಸ್ತೆಯಲ್ಲಿ ಹೋಗುವವರು ಬೋರ್ಡು ನೋಡಿ ನಿಲ್ಲಿಸಿ ಕೊಂಡುಕೊಳ್ಳುತ್ತಿದ್ದರು. 2022ರಲ್ಲಿ ಅವರ ಒಂದು ಚಿತ್ರ, ಕಪ್ಪು ಟ್ರಕ್ಕಿನದು, ಹರಾಜಿನಲ್ಲಿ 3,50,000 ಡಾಲರಿಗೆ ಹೋಯಿತು. ಗ್ಯಾಲರಿಯಲ್ಲಿ ಪಕ್ಕದಲ್ಲಿದ್ದ ಹಿರಿಯರೊಬ್ಬರು ಈ ಲೆಕ್ಕ ಹೇಳುವಾಗ ಖುಷಿಯಿಂದ ಹೇಳಲಿಲ್ಲ. "ಅವಳಿಗೆ ಒಂದು ಬೆಚ್ಚಗಿನ ಕೋಣೆ ಸಿಕ್ಕಿದ್ದರೆ ಸಾಕಿತ್ತು" ಅಂದರು. ಮಾಡ್ ತಮ್ಮ ನೆರೆಮನೆಯವರೇ ಅನ್ನುವ ಹಾಗೆ ಮಾತಾಡಿದರು.

ನಾಲ್ಕನೇ ದಿನ: ಕಡಲ ತುದಿ

ಬೆಳಿಗ್ಗೆ ಐದಕ್ಕೇ ಎದ್ದು ಚಿತ್ರಾನ್ನ ಕಟ್ಟಿಕೊಂಡು ಡಿಗ್ಬಿ ಕಡೆ ಹೊರಟೆವು. ಮೂರು ಗಂಟೆಯ ದಾರಿ. ಡಿಗ್ಬಿ ಹತ್ತಿರದ ಮಾರ್ಷಲ್‌ಟೌನ್‌ನಲ್ಲಿ, ಮಾಡ್ ಅವರ ಮನೆ ಇದ್ದ ಜಾಗದಲ್ಲಿ, ಈಗ ಅದೇ ಅಳತೆಯ ಉಕ್ಕಿನ ಚೌಕಟ್ಟು ನಿಲ್ಲಿಸಿದ್ದಾರೆ. ಬಣ್ಣವಿಲ್ಲ, ಬೂದಿ ಬಣ್ಣದ ಲೋಹ ಮಾತ್ರ. ನಿನ್ನೆ ಆ ಒಲೆ ನೋಡಿ ಬಂದವಳಿಗೆ ಇಲ್ಲಿ ನಿಲ್ಲಲು ಆಗಲಿಲ್ಲ.

ಅಲ್ಲಿಂದ ಮುಂದೆ ನೆಲ ಬೆರಳಿನ ಹಾಗೆ ಕಡಲೊಳಗೆ ಚಾಚಿದೆ. ಎರಡು ಸಲ ಕಾರನ್ನು ದೋಣಿಗೆ ಹತ್ತಿಸಿ ಬ್ರಯರ್ ದ್ವೀಪ ಮುಟ್ಟಿದೆವು. ಫಂಡಿ ಕೊಲ್ಲಿಯ ನೀರು ಇಲ್ಲಿ ದಿನಕ್ಕೆರಡು ಸಲ ಏರಿ ಇಳಿಯುತ್ತೆ. ಪ್ರಪಂಚದಲ್ಲೇ ಅತಿ ದೊಡ್ಡ ಭರತ ಇಳಿತ ಈ ಕೊಲ್ಲಿಯದು. ನಾವು ಹೋದಾಗ ಇಳಿತ. ಕಟ್ಟೆಯ ಮರದ ಕಂಬಗಳು ಒದ್ದೆಯಾಗಿ, ಪಾಚಿ ಹೊದ್ದು, ಎತ್ತರಕ್ಕೆ ನಿಂತಿದ್ದವು.

ಜೋಶುವಾ ಸ್ಲೋಕಮ್ ಬೆಳೆದ ಊರು ಇದು, ವೆಸ್ಟ್‌ಪೋರ್ಟ್. ಅಪ್ಪ ಇಲ್ಲಿ ಬೂಟು ಹೊಲಿಯುತ್ತಿದ್ದರು. ಹುಡುಗನಿಗೆ ಆ ಕೆಲಸ ಸೇರಲಿಲ್ಲ. ಹದಿನಾಲ್ಕಕ್ಕೇ ಒಮ್ಮೆ ಮನೆ ಬಿಟ್ಟು ಓಡಿ ಮೀನು ಹಡಗಿನಲ್ಲಿ ಅಡುಗೆಗೆ ಸೇರಿಕೊಂಡ. ಮುಂದೆ ದೊಡ್ಡ ಹಡಗುಗಳ ಕ್ಯಾಪ್ಟನ್ ಆದರು. ಉಗಿ ಹಡಗು ಬಂದು ಹಾಯಿ ಹಡಗಿನ ಕಾಲ ಮುಗಿದಾಗ ಕೆಲಸ ಹೋಯಿತು. ಹೊಲದಲ್ಲಿ ಬಿದ್ದು ಕೊಳೆಯುತ್ತಿದ್ದ ಒಂದು ಹಳೆ ದೋಣಿಯನ್ನು ಗೆಳೆಯರೊಬ್ಬರು ಕೊಟ್ಟರು. ಹದಿಮೂರು ತಿಂಗಳು ತಾವೇ ಕೂತು ಅದನ್ನು ಹೊಸದಾಗಿ ಕಟ್ಟಿದರು. ಅದೇ 'ಸ್ಪ್ರೇ', ಉದ್ದ ಹನ್ನೊಂದು ಮೀಟರ್ ಚಿಲ್ಲರೆ. 1895ರ ಏಪ್ರಿಲ್‌ನಲ್ಲಿ ಬಾಸ್ಟನ್ ಬಿಟ್ಟು, ದಾರಿಯಲ್ಲಿ ತಾವು ಬೆಳೆದ ಈ ಊರ ಕಡೆ ಬಂದು ಹೋಗಿ, 1898ರ ಜೂನ್‌ನಲ್ಲಿ ಭೂಮಿ ಸುತ್ತಿ ವಾಪಸು ಬಂದರು. ಒಬ್ಬರೇ. ಹಾಗೆ ಒಬ್ಬರೇ ಸುತ್ತಿದವರಲ್ಲಿ ಅವರೇ ಮೊದಲಿಗರು. ಅವರಿಗೆ ಈಜು ಬರುತ್ತಿರಲಿಲ್ಲ! 1909ರಲ್ಲಿ ಮತ್ತೆ ಅದೇ ದೋಣಿಯಲ್ಲಿ ಹೊರಟವರು ತಿರುಗಿ ಬರಲಿಲ್ಲ.

ದ್ವೀಪದ ತೆಂಕಣ ತುದಿಯಲ್ಲಿ ಅವರ ನೆನಪಿನ ಕಲ್ಲಿದೆ. ಗಾಳಿ ಎಷ್ಟಿತ್ತು ಅಂದರೆ ಸೆರಗು ನಿಲ್ಲುತ್ತಿರಲಿಲ್ಲ. ಕಲ್ಲಿಗೆ ಬೆನ್ನು ಕೊಟ್ಟು ಕೂತು ಚಿತ್ರಾನ್ನ ತಿಂದೆವು.

ಐದನೇ ದಿನ

ಇಡೀ ದಿನ ಮಳೆ. ಮನೆಯಲ್ಲೇ ಇದ್ದೆವು. ಮಗಳಿಗೆ ಹೋಳಿಗೆ ಮಾಡಿಕೊಟ್ಟೆ.

ಆರನೇ ದಿನ: ಬ್ಯಾಡೆಕ್, ಮತ್ತು ಕಳೆದುಹೋದ ಮಾತು

ಕೇಪ್ ಬ್ರೆಟನ್ ದ್ವೀಪಕ್ಕೆ ಹೊರಟೆವು. ಮೇಪಲ್ ಮರಗಳ ತುದಿ ಆಗಷ್ಟೇ ಕೆಂಪಾಗುತ್ತಿತ್ತು. ಕಡಲಿಗೆ ಅಡ್ಡ ಕಟ್ಟಿದ ಕ್ಯಾನ್ಸೊ ಏರಿಯನ್ನು ದಾಟಿದ ಮೇಲೆ ಊರಿನ ಬೋರ್ಡುಗಳಲ್ಲಿ ಸ್ಕಾಟ್ಲೆಂಡಿನ ಗೇಲಿಕ್ ನುಡಿಯೂ ಕಾಣಿಸುತ್ತೆ. ವೈಕೊಕೊಮಾ ಹತ್ತಿರ ಬಂದಾಗ ಕಾರು ನಿಲ್ಲಿಸಿ ಅಂದೆ. ಮೂರನೇ ದೋಣಿಯ ರೀಟಾ ಜೋ ಹುಟ್ಟಿದ್ದು ಇಲ್ಲೇ, 1932ರಲ್ಲಿ.

ರೀಟಾ ಜೋ ಮಿಗ್ಮಾ ಜನರವರು. ಈ ನೆಲದ ಮೂಲ ಜನ ಅವರು. ಐದು ವರ್ಷದವರಿದ್ದಾಗ ತಾಯಿ ಹೋದರು. ಮುಂದೆ ಅಪ್ಪನೂ ಹೋದರು. ಯಾರ್ಯಾರದೋ ಮನೆಯಲ್ಲಿ ಬೆಳೆದರು. ಹನ್ನೆರಡು ವರ್ಷಕ್ಕೆ, ಹೊಟ್ಟೆಗೆ ಊಟ, ಓದು ಸಿಗುತ್ತೆ ಅಂತ ತಾವೇ ಕೇಳಿಕೊಂಡು ಶುಬೆನಾಕಡಿಯ ವಸತಿ ಶಾಲೆ ಸೇರಿದರು. ಮೂಲ ಜನರ ಮಕ್ಕಳನ್ನು ಅವರ ನುಡಿ, ನಡೆ ಎರಡರಿಂದಲೂ ಬಿಡಿಸಲೆಂದೇ ಇದ್ದ ಶಾಲೆಗಳು ಅವು. 1930ರಿಂದ 1967ರ ತನಕ ಅದು ನಡೆಯಿತು. ಅಲ್ಲಿ ಮಕ್ಕಳು ತಮ್ಮ ನುಡಿಯಾಡಿದರೆ ಶಿಕ್ಷೆ.

ನಾನು ಮೂವತ್ತೊಂದು ವರ್ಷ ಕನ್ನಡ ಮೇಡಂ ಆಗಿದ್ದವಳು. ಮಗು ಮೊದಲ ಸಲ ತನ್ನ ಹೆಸರನ್ನು ತಾನೇ ಬರೆದಾಗ ಮುಖ ಹೇಗಾಗುತ್ತೆ ಅಂತ ಎಷ್ಟು ಸಲ ನೋಡಿದ್ದೇನೆ! ಬಾಯಲ್ಲಿರುವ ಮಾತನ್ನೇ ಕಿತ್ತುಕೊಳ್ಳುವ ಶಾಲೆಯನ್ನು ಯೋಚಿಸಲೂ ಆಗಲ್ಲ. ರೀಟಾ ಜೋ ಮುಂದೆ ದೊಡ್ಡ ಸಂಸಾರ ಸಾಕುತ್ತಾ ಕವಿತೆ ಬರೆದರು. ಶಾಲೆಯಲ್ಲಿ ತಮ್ಮ ಮಾತು ಕಳೆದುಹೋದದ್ದನ್ನು ಒಂದು ಪುಟ್ಟ ಕವಿತೆಯಲ್ಲಿ ಹೇಳಿದರು. ಮಗಳು ಫೋನಿನಲ್ಲಿ ಅದನ್ನು ತೆಗೆದು ಓದಿದಳು. ಅದರಲ್ಲಿ ಸಿಟ್ಟಿಲ್ಲ. ನಿಮ್ಮ ಮಾತಿನಲ್ಲೇ ನಿಮಗೆ ಹೇಳುತ್ತೇನೆ, ನನ್ನ ಮಾತು ಹುಡುಕಿಕೊಳ್ಳಲು ಬಿಡಿ ಅನ್ನುವ ಮೆಲುದನಿ ಇದೆ. 2007ರಲ್ಲಿ ಅವರು ತೀರಿಕೊಂಡರು. 2022ರಲ್ಲಿ ಮಿಗ್ಮಾ ನುಡಿಯೇ ಈ ಪ್ರಾಂತ್ಯದ ಮೊದಲ ನುಡಿ ಅಂತ ಕಾನೂನು ಬಂತು. ಅವರು ಕೇಳಬೇಕಿತ್ತು.

ಮಧ್ಯಾಹ್ನ ಬ್ಯಾಡೆಕ್. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಲ್ಲಿಗೆ ಮೊದಲು ಬಂದದ್ದು 1885ರಲ್ಲಿ. ಸರೋವರ, ಗುಡ್ಡ ಕಂಡು ಸ್ಕಾಟ್ಲೆಂಡೇ ನೆನಪಾಗಿ ಇಲ್ಲೇ ಮನೆ ಕಟ್ಟಿದರು. ಮ್ಯೂಸಿಯಂ ಚೆನ್ನಾಗಿದೆ. ಬೆಲ್ ಅವರ ಬಗ್ಗೆ ಎಲ್ಲರಿಗೂ ಸ್ವಲ್ಪವಾದರೂ ಗೊತ್ತು, ಹಾಗಾಗಿ ನಾನು ಅವರ ಹೆಂಡತಿ ಮೇಬಲ್ ಬಗ್ಗೆ ಹೇಳುತ್ತೇನೆ. ಐದನೇ ವಯಸ್ಸಿಗೆ ಜ್ವರ ಬಂದು ಕಿವಿ ಪೂರ್ತಿ ಹೋಯಿತು. ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತರು. ಗಂಡನಿಗೆ ಹಾರುವ ಯಂತ್ರದ ಹುಚ್ಚು ಹಿಡಿದಾಗ, ಹುರುಪಿನ ಹುಡುಗರನ್ನು ಸೇರಿಸಿ ಒಂದು ತಂಡ ಮಾಡೋಣ ಅಂದವರು ಮೇಬಲ್. ತಮ್ಮ ಆಸ್ತಿ ಮಾರಿ 20,000 ಡಾಲರ್ ಹಾಕಿದವರೂ ಅವರೇ. ಆ ತಂಡದ 'ಸಿಲ್ವರ್ ಡಾರ್ಟ್' 1909ರ ಫೆಬ್ರವರಿ 23ರಂದು ಬ್ಯಾಡೆಕ್ ಕೊಲ್ಲಿಯ ಹೆಪ್ಪುಗಟ್ಟಿದ ನೀರಿನಿಂದ ಮೇಲೆದ್ದಿತು. ಕೆನಡಾದ ಮೊದಲ ವಿಮಾನ ಹಾರಾಟ. ಓಡಿಸಿದವರು ಇದೇ ಊರಿನ ಹುಡುಗ ಜೆ. ಎ. ಡಿ. ಮೆಕರ್ಡಿ. ಊರ ಹೆಂಗಸರಿಗೆಂದು ಮೇಬಲ್ 1891ರಲ್ಲಿ ಶುರು ಮಾಡಿದ ಕ್ಲಬ್ಬು ಮುಂದೆಯೂ ನಿಲ್ಲದೆ ನಡೆದುಕೊಂಡು ಬಂತು.

1922ರ ಆಗಸ್ಟ್‌ನಲ್ಲಿ ಬೆಲ್ ತೀರಿಕೊಂಡು ಮಣ್ಣು ಮಾಡುವಾಗ, ಉತ್ತರ ಅಮೆರಿಕದ ಟೆಲಿಫೋನುಗಳೆಲ್ಲ ಒಂದು ನಿಮಿಷ ಮೌನವಾಗಿದ್ದವು. ಐದು ತಿಂಗಳಲ್ಲಿ ಮೇಬಲ್ ಕೂಡ ಹೋದರು. ಗಂಡ ಹೆಂಡತಿ ಇಬ್ಬರೂ ಆ ಗುಡ್ಡದ ಮೇಲೇ ಮಲಗಿದ್ದಾರೆ. ಗುಡ್ಡ ಈಗಲೂ ಅವರ ಮನೆತನದವರದು, ಒಳಗೆ ಹೋಗುವ ಹಾಗಿಲ್ಲ. ನೀರಿನ ಈಚೆ ದಡದಿಂದಲೇ ನೋಡಿದೆವು.

ಏಳನೇ ದಿನ: ನ್ಯೂ ಗ್ಲಾಸ್ಗೊ

ವಾಪಸು ಬರುವ ದಾರಿಯಲ್ಲಿ ನ್ಯೂ ಗ್ಲಾಸ್ಗೊ. ವಯೊಲಾ ಡೆಸ್ಮಂಡ್ ನಿಂತ ಊರು. ಇದಕ್ಕಾಗಿಯೇ ನಾನು ಆರು ದಿನ ಕಾದಿದ್ದೆ.

ವಯೊಲಾ 1914ರಲ್ಲಿ ಹ್ಯಾಲಿಫ್ಯಾಕ್ಸಿನಲ್ಲಿ ಹುಟ್ಟಿದರು. ನೋವಾ ಸ್ಕೋಷಿಯಾದಲ್ಲಿ ಕಪ್ಪು ಹುಡುಗಿಯರನ್ನು ಬ್ಯೂಟಿ ಸ್ಕೂಲಿಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಮಾಂಟ್ರಿಯಲ್, ನ್ಯೂಯಾರ್ಕ್ ಅಂತ ಹೋಗಿ ಕಲಿತು ಬಂದು ಗಾಟಿಂಗನ್ ಬೀದಿಯಲ್ಲಿ ಪಾರ್ಲರ್ ತೆರೆದರು. ಆಮೇಲೆ ತಾವೇ ಶಾಲೆ ಶುರು ಮಾಡಿ ಬೇರೆ ಹುಡುಗಿಯರಿಗೂ ಕಲಿಸಿದರು. ತಮ್ಮದೇ ಪೌಡರು, ಕ್ರೀಮು ತಯಾರಿಸಿದರು. 1946ರ ನವೆಂಬರ್ 8ರಂದು ವ್ಯಾಪಾರದ ಮೇಲೆ ಕೇಪ್ ಬ್ರೆಟನ್ ದ್ವೀಪದ ಸಿಡ್ನಿ ಊರಿಗೆ ಹೊರಟಿದ್ದರು. ಕಾರು ಇಲ್ಲಿ ಕೆಟ್ಟಿತು. ರಿಪೇರಿಗೆ ಮಾರನೇ ದಿನ ಆಗುತ್ತೆ ಅಂದರು. ಸಂಜೆ ಕಳೆಯಲು ರೋಸ್‌ಲ್ಯಾಂಡ್ ಥಿಯೇಟರಿಗೆ ಹೋದರು.

ಕಣ್ಣು ಸ್ವಲ್ಪ ಮಂದ, ಹಾಗಾಗಿ ಕೆಳಗೆ ಕೂತರು. ನಿಮ್ಮ ಟಿಕೆಟ್ಟು ಬಾಲ್ಕನಿಯದು, ಮೇಲೆ ಹೋಗಿ ಅಂದರು. ಕೆಳಗಿನ ಸೀಟು ಬಿಳಿಯರಿಗೆ ಮಾತ್ರ ಅಂತ ಎಲ್ಲೂ ಬೋರ್ಡಿರಲಿಲ್ಲ. ಬೋರ್ಡಿಲ್ಲದೆಯೇ ಅದು ನಡೆಯುತ್ತಿತ್ತು. ವಯೊಲಾ ಕೌಂಟರಿಗೆ ಹೋಗಿ, ಹೆಚ್ಚಿನ ದುಡ್ಡು ಕೊಡುತ್ತೇನೆ ಅಂದರು. ನಿಮ್ಮಂಥವರಿಗೆ ಕೆಳಗಿನ ಟಿಕೆಟ್ಟು ಕೊಡುವ ಹಾಗಿಲ್ಲ ಅಂತ ಉತ್ತರ ಬಂತು. ಅವರು ತಿರುಗಿ ಹೋಗಿ ಅದೇ ಸೀಟಿನಲ್ಲಿ ಕೂತರು. ಪೊಲೀಸು ಬಂದು ಎತ್ತಿ ಹೊರಗೆ ಎಳೆದರು. ಸೊಂಟಕ್ಕೆ, ಮಂಡಿಗೆ ಪೆಟ್ಟಾಯಿತು. ರಾತ್ರಿಯಿಡೀ ಲಾಕಪ್ಪು. ಕೈಯ ಬಿಳಿ ಗ್ಲೌಸ್ ತೆಗೆಯದೆ, ಬೆನ್ನು ನೆಟ್ಟಗೆ ಮಾಡಿಕೊಂಡು ಬೆಳಗಿನ ತನಕ ಕೂತೇ ಇದ್ದರಂತೆ.

ಕೋರ್ಟಿನಲ್ಲಿ ಬಣ್ಣದ ಮಾತೇ ಬರಲಿಲ್ಲ. ಅವರ ಮೇಲೆ ಹಾಕಿದ ಕೇಸು ತೆರಿಗೆ ವಂಚನೆ. ಬಾಲ್ಕನಿ ಟಿಕೆಟ್ಟಿಗೂ ಕೆಳಗಿನ ಟಿಕೆಟ್ಟಿಗೂ ಇದ್ದ ತೆರಿಗೆಯ ವ್ಯತ್ಯಾಸ ಒಂದು ಸೆಂಟ್. ಆ ಒಂದು ಸೆಂಟ್ ಸರ್ಕಾರಕ್ಕೆ ಮೋಸ ಮಾಡಿದ್ದಕ್ಕೆ 20 ಡಾಲರ್ ದಂಡ, ಮೇಲೆ 6 ಡಾಲರ್ ಖರ್ಚು. ವಕೀಲರಿರಲಿಲ್ಲ. ಮೇಲಿನ ಕೋರ್ಟಿಗೆ ಹೋದರೂ ಗೆಲ್ಲಲಿಲ್ಲ. ಈ ಊರಿನವರೇ ಆದ ಕ್ಯಾರಿ ಬೆಸ್ಟ್ ಆಗಷ್ಟೇ ಶುರು ಮಾಡಿದ್ದ ತಮ್ಮ 'ಕ್ಲಾರಿಯನ್' ಪತ್ರಿಕೆಯಲ್ಲಿ ಇದನ್ನು ಮುಖಪುಟಕ್ಕೆ ಹಾಕಿದರು. ಆ ಹೆಂಗಸಿನ ಧೈರ್ಯವೂ ಕಡಿಮೆಯದಲ್ಲ.

ವಯೊಲಾ 1965ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಕಥೆ ಮರೆಯಾಗದ ಹಾಗೆ ಕಾಪಾಡಿದವರು ತಂಗಿ ವಾಂಡಾ ರಾಬ್ಸನ್. 2010ರ ಏಪ್ರಿಲ್ 15ರಂದು ಪ್ರಾಂತ್ಯ ತಪ್ಪೊಪ್ಪಿಕೊಂಡು ವಯೊಲಾ ನಿರಪರಾಧಿ ಅಂತ ಘೋಷಿಸಿತು. ಕಾಗದಕ್ಕೆ ಸಹಿ ಹಾಕಿದ ಲೆಫ್ಟಿನೆಂಟ್ ಗವರ್ನರ್ ಮೇಯನ್ ಫ್ರಾನ್ಸಿಸ್ ಕೂಡ ಕಪ್ಪು ಹೆಂಗಸು. 2018ರಲ್ಲಿ ನೋಟು ಬಂತು.

ಥಿಯೇಟರು ಈಗಿಲ್ಲ. ಪ್ರೊವೋಸ್ಟ್ ಬೀದಿಯಲ್ಲಿ ಆ ಜಾಗದ ಎದುರು ನಿಂತೆವು. ನಮ್ಮ ಕಡೆಯೂ ಬೋರ್ಡಿಲ್ಲದೆ ನಡೆಯುವ ಇಂಥವು ಎಷ್ಟಿದ್ದವು, ಎಷ್ಟಿವೆ. ಹೋಟೆಲಿನಲ್ಲಿ ಬೇರೆ ಲೋಟ, ಶಾಲೆಯಲ್ಲಿ ಬೇರೆ ಸಾಲು. ನಾನು ಕಂಡಿದ್ದೇನೆ. ಕಂಡಾಗಲೆಲ್ಲ ಮಾತಾಡಿದ್ದೇನೆ ಅಂತ ಹೇಳಲಾರೆ.

ಬಿಸಿಯಾಗಿ ಏನಾದರೂ ಬೇಕು ಅನ್ನಿಸಿ ಹತ್ತಿರದ ಒಂದು ಚಿಕ್ಕ ಅಂಗಡಿಗೆ ಹೋದೆವು. ಎರಡು ಟೀ, ಒಂದು ಮಫಿನ್. ಬಿಲ್ಲು 6 ಡಾಲರ್ 71 ಸೆಂಟ್. ಮೊದಲ ದಿನದಿಂದ ಪರ್ಸಿನಲ್ಲೇ ಇದ್ದ ನೋಟು ಕೊಟ್ಟೆ. ಕೌಂಟರಿನ ಹುಡುಗಿ 3 ಡಾಲರ್ 30 ಸೆಂಟ್ ಚಿಲ್ಲರೆ ಎಣಿಸಿ ಕೈಗಿಟ್ಟಳು. ಲೆಕ್ಕದಲ್ಲಿ ಒಂದು ಸೆಂಟ್ ಜಾಸ್ತಿ ಬಂದಿದೆ ಅಂತ ಹೇಳಿದೆ.

"ಒಂದು ಸೆಂಟ್ ನಾಣ್ಯ ನಿಂತುಹೋಗಿದೆಯಮ್ಮ, 2013ರಲ್ಲೇ" ಅಂದಳು ಮಗಳು ಪಕ್ಕದಿಂದ. "ಈಗ ಯಾರೂ ಅದನ್ನ ಕೇಳಲ್ಲ."